ಮೇಲಿನವರಿಗೊಂದು ಕಾಪಿ

ಐದು ಬಯೋಡೇಟಾಗಳಲ್ಲಿ ಒಂದೇ ಇ-ಮೇಲ್ ವಿಳಾಸ ಕಂಡಾಗ ನನಗೆ ಮೊದಲು ಬಂದದ್ದು ಅನುಮಾನ. ನನ್ನ ಸ್ವಭಾವವೇ ಹಾಗೆ. ಪರೀಕ್ಷಾ ಕೊಠಡಿಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ಸಾಕು, ಅವರ ಬೆಂಚಿನ ಪಕ್ಕ ಹೋಗಿ ನಿಲ್ಲುವವಳು ನಾನು. ಸ್ಟಾಫ್ ರೂಮಿನಲ್ಲಿ ಹಿಂದಿನಿಂದ ‘ಸಿಐಡಿ ಮೇಡಂ’ ಎನ್ನುತ್ತಿದ್ದರು. ಅದು ನನ್ನ ಕಿವಿಗೆ ಬಿದ್ದಿರಲಿಲ್ಲ ಎಂದು ಅವರು ನಂಬಿದ್ದರು.

ಎರಡು ಸಾವಿರದ ಮೂರು ನಾಲ್ಕರ ಮಾತು. ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಜೊತೆಗೆ ಕಂಪನಿಗಳ ಸಂಪರ್ಕದ ಕೆಲಸವನ್ನೂ ಪ್ರಿನ್ಸಿಪಾಲರು ನನ್ನ ತಲೆಗೆ ಕಟ್ಟಿದ್ದರು. ಆ ವರ್ಷ ಹೇಗೋ ಒಂದು ಕಂಪನಿ ಒಪ್ಪಿಕೊಂಡಿತು. ಬರಹ ಪರೀಕ್ಷೆ ಮಾಡುತ್ತೇವೆ, ನಿಮ್ಮ ಕಾಲೇಜಿನಿಂದ ಒಬ್ಬರನ್ನು ಸಂದರ್ಶನಕ್ಕೆ ಕರೆಯುತ್ತೇವೆ, ಪಾಸಾದರೆ ಸಂಬಳ ಕೊಟ್ಟು ಆರು ತಿಂಗಳ ತರಬೇತಿ ಎಂದರು. ವ್ಯವಹಾರವೆಲ್ಲ ಇ-ಮೇಲಿನಲ್ಲೇ ಆಗಬೇಕು ಎಂದು ಅಲ್ಲಿನ ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದರು.

ಹಾಗಾಗಿ ಫೈನಲ್ ಇಯರಿನವರಿಗೆ ಇ-ಮೇಲ್ ಬರೆಯುವ ರೀತಿ ನೀತಿ ಕಲಿಸಲು ಕೂತೆ. ಲ್ಯಾಬಿನಲ್ಲಿ ಇಂಟರ್ನೆಟ್ ಇದ್ದದ್ದು ಒಂದೇ ಮೆಷಿನ್ನಿಗೆ, ಅದೂ ಟೆಲಿಫೋನ್ ಲೈನಿನಿಂದ. ಕುಯ್ಯೋ ಎಂದು ಅತ್ತು ಕರೆದು ಸಂಪರ್ಕ ಸಿಗುವಷ್ಟರಲ್ಲಿ ಪೀರಿಯಡ್ ಮುಗಿಯುತ್ತಿತ್ತು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಇ-ಮೇಲಿನ ಚಿತ್ರ ಬರೆದೆ. ವಿಷಯದ ಸಾಲನ್ನು ಖಾಲಿ ಬಿಡಬೇಡಿ. ಮಾನ್ಯರೇ ಎಂದು ಶುರು ಮಾಡಿ, ಕೊನೆಯಲ್ಲಿ ನಿಮ್ಮ ಹೆಸರು ಹಾಕಿ. ಇಡೀ ಪತ್ರವನ್ನು ಕ್ಯಾಪಿಟಲ್ ಅಕ್ಷರಗಳಲ್ಲಿ ಹೊಡೆದರೆ ಕಿರುಚಿದ ಹಾಗೆ. ಇದಕ್ಕೆ ಹಿಂದಿನ ಬೆಂಚಿನಿಂದ ಆಕ್ಷೇಪ ಬಂತು.

“ಅಪ್ಲಿಕೇಶನ್ನಲ್ಲೆಲ್ಲ ಕ್ಯಾಪಿಟಲ್ಲಲ್ಲೇ ಬರೀರಿ ಅಂತಾರಲ್ಲ ಮೇಡಂ, ಅದು ಮರ್ಯಾದೆ ಅಲ್ವಾ?”

ಅದು ಬೇರೆ, ಇದು ಬೇರೆ ಎಂದು ಮುಂದೆ ಹೋದೆ. ಸಿಸಿ ಎಂಬ ಜಾಗದಲ್ಲಿ ಯಾರ ವಿಳಾಸ ಹಾಕುತ್ತೀರೋ ಅವರಿಗೂ ಒಂದು ಪ್ರತಿ ಹೋಗುತ್ತದೆ ಎಂದೆ. ತಲೆಗಳು ಅಲ್ಲಾಡಿದವು. ಎಲ್ಲರೂ ಒಟ್ಟಿಗೆ ತಲೆಯಾಡಿಸಿದರೆ ಏನೂ ಅರ್ಥವಾಗಿಲ್ಲ ಎಂದೇ ನನ್ನ ಲೆಕ್ಕ.

ಮಾರನೆಯ ವಾರ ಬಂದ ಬಯೋಡೇಟಾಗಳಲ್ಲಿ ಐವರದು ಒಂದೇ ವಿಳಾಸ. ಅದು ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯ ಹೆಸರಿನದು. ಕ್ಲಾಸಿಗೇ ಜಾಣೆ. ತಂದೆಗೆ ಅಲ್ಲಿ ಬಳೆ ಅಂಗಡಿ. ಉಳಿದ ನಾಲ್ವರು ಆ ವಿಳಾಸದ ಮುಂದೆ ‘ಪಿ.ಪಿ.’ ಎಂದು ಬರೆದಿದ್ದರು. ಆ ಕಾಲದಲ್ಲಿ ಮನೆಯಲ್ಲಿ ಫೋನ್ ಇಲ್ಲದವರು ಪಕ್ಕದ ಮನೆಯ ನಂಬರ್ ಕೊಟ್ಟು ಹಾಗೆ ಬರೆಯುವುದಿತ್ತು. ಫೋನ್ ಬಂದರೆ ಪಕ್ಕದವರು ಕೂಗಿ ಕರೆಯುತ್ತಿದ್ದರು. ಇವರು ಅದನ್ನೇ ಇ-ಮೇಲಿಗೂ ಅಂಟಿಸಿದ್ದರು.

ಐವರನ್ನೂ ಲ್ಯಾಬಿಗೆ ಕರೆಸಿದೆ. ಹುಡುಗಿಯೇ ಮಾತಾಡಿದಳು.

“ತಿಂಗಳೊಪ್ಪತ್ತು ಓಪನ್ ಮಾಡ್ದೆ ಇದ್ರೆ ಐಡಿ ಕ್ಲೋಸ್ ಆಗೋಗುತ್ತೆ ಮೇಡಂ. ಅದಕ್ಕೆ ಎಲ್ಲಾರ್ದೂ ಸೇರಿ ಒಂದೇ ಇಟ್ಕೊಂಡಿದೀವಿ. ಬಟವಾಡಿ ಇಂಟರ್ನೆಟ್ ಸೆಂಟರ್ಗೆ ಯಾರ್ ಹೋಗ್ತಾರೋ ಅವರು ಎಲ್ಲಾರ ಮೇಲ್ ನೋಡ್ಕೊಂಡ್ ಬಂದು ಹೇಳ್ತಾರೆ.”

“ಪಾಸ್‌ವರ್ಡ್?”

“ಐದೂ ಜನಕ್ಕೂ ಗೊತ್ತು.” ನಾನು ಇದನ್ನೇಕೆ ಕೇಳುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿದಂತಿರಲಿಲ್ಲ.

ಗದರಿಸಿ, ಉಳಿದ ನಾಲ್ವರಿಂದಲೂ ಬೇರೆ ಬೇರೆ ಐಡಿ ಮಾಡಿಸಿದೆ. ಪಾಸ್‌ವರ್ಡ್ ಬದಲಾಯಿಸಿಕೋ ಎಂದು ಅವಳಿಗೆ ಹೇಳಿದೆ. “ಆಯ್ತು ಮೇಡಂ” ಎಂದಳು.

ಬರಹ ಪರೀಕ್ಷೆ ನಡೆಯಿತು. ಅವಳೇ ಮೊದಲು. ಅದೇ ಐವರ ಪೈಕಿ ಗುಬ್ಬಿಯಿಂದ ಬರುತ್ತಿದ್ದ ಹುಡುಗ ಎರಡನೆಯವನು. ಮೊದಲು ಬಂದವರು ಯಾವುದೇ ಕಾರಣಕ್ಕೆ ಬಿಟ್ಟರೆ ಎರಡನೆಯವರಿಗೆ ಅವಕಾಶ ಎಂದು ಕಂಪನಿ ತಿಳಿಸಿತು. ಆಮೇಲೆ ಅಲ್ಲಿಂದ ಸದ್ದೇ ಇಲ್ಲ. ವಾರಗಳು ಕಳೆದರೂ ಸಂದರ್ಶನದ ಪತ್ರ ಬರಲಿಲ್ಲ. ಹುಡುಗಿ ಕಾರಿಡಾರಿನಲ್ಲಿ ಕಂಡಾಗಲೆಲ್ಲ “ಬಂತಾ ಮೇಡಂ?” ಎನ್ನುವಳು. ಕಾಯಮ್ಮಾ ಎನ್ನುತ್ತಿದ್ದೆ.

ಒಂದು ಸೋಮವಾರ ಪ್ರಿನ್ಸಿಪಾಲರಿಂದ ಕರೆ ಬಂತು. ಮೇಜಿನ ಮೇಲೆ ಒಂದು ಪ್ರಿಂಟ್‌ಔಟ್. ಕಂಪನಿಯ ಮ್ಯಾನೇಜರ್ ಬೆಳಿಗ್ಗೆಯೇ ಫೋನಿನಲ್ಲಿ ಕೆಂಡ ಕಾರಿದ್ದರಂತೆ. ಶನಿವಾರ ಸಂಜೆ ಕುಣಿಗಲ್ ಹುಡುಗಿಯ ಐಡಿಯಿಂದ, ಅವಳ ಹೆಸರು ರಿಜಿಸ್ಟರ್ ನಂಬರ್ ಸಮೇತ ಅವರಿಗೆ ಹೋದ ಮೇಲ್ ಅದು. ಪರೀಕ್ಷೆಯಲ್ಲಿ ಪ್ರಥಮ ಬಂದರೂ ಸಂದರ್ಶನದ ಪತ್ರ ಬಂದಿಲ್ಲ, ಇದು ಸಂಬಂಧಪಟ್ಟ ಅಧಿಕಾರಿಯ ನಿರ್ಲಕ್ಷ್ಯ, ಕೂಡಲೇ ಕ್ರಮ ಜರುಗಿಸದಿದ್ದರೆ ಮುಂದಿನ ಹಂತಕ್ಕೆ ಹೋಗಬೇಕಾಗುತ್ತದೆ ಎಂದಿತ್ತು. ಬರೆದದ್ದು ಇಂಗ್ಲಿಷಿನಲ್ಲಾದರೂ ಓದಿದರೆ ತಾಲ್ಲೂಕು ಕಚೇರಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಕೊನೆಯಲ್ಲಿತ್ತು. ಮ್ಯಾನೇಜರ ಮೇಲಿನ ಡೈರೆಕ್ಟರಿಗೆ ಒಂದು ಪ್ರತಿ, ಹೆಡ್ಡಾಫೀಸಿಗೆ ಒಂದು, ನಮ್ಮ ಪ್ರಿನ್ಸಿಪಾಲರಿಗೆ ಒಂದು. ಡೈರೆಕ್ಟರರು ಮ್ಯಾನೇಜರನ್ನು ಕರೆದು ಇದೇನ್ರೀ ಎಂದು ಕೇಳಿದ್ದರಂತೆ. ಸಿಟ್ಟಿನ ಬೇರು ಅಲ್ಲಿತ್ತು.

“ನೋಡ್ರೀ ಮೇಡಂ, ಆ ಹುಡುಗಿ ಕೈಲಿ ಒಂದು ಕ್ಷಮಾಪಣೆ ಬರ್ಸಿ ಬುಧವಾರದೊಳಗೆ ಕಳಿಸ್ರಿ” ಎಂದರು ಪ್ರಿನ್ಸಿಪಾಲರು. “ಅವಳ ಸೀಟಂತೂ ಹೋಯ್ತು, ಎರಡನೇ ಹುಡುಗನ್ನ ಕರೀತಾರಂತೆ. ಕ್ಷಮಾಪಣೆ ಬರದೇ ಇದ್ರೆ ಮುಂದಿನ ವರ್ಷದಿಂದ ನಮ್ಮ ಕಾಲೇಜಿಗೇ ಬರಲ್ಲ ಅಂತಿದಾರೆ.”

ಹುಡುಗಿಯನ್ನು ಕರೆಸಿ ಹಾಳೆ ಕೊಟ್ಟೆ. ಓದುತ್ತಾ ಅವಳ ಮುಖ ಕಪ್ಪಿಟ್ಟಿತು.

“ಇದು ನಾನ್ ಬರ್ದಿಲ್ಲ ಮೇಡಂ.”

“ಐಡಿ ನಿನ್ನದು. ಹೆಸರು ನಿನ್ನದು.”

“ನಾನ್ ಬರ್ದಿಲ್ಲ. ಬರೀದೆ ಇರೋದಕ್ಕೆ ಕ್ಷಮೆ ಯಾಕ್ ಕೇಳ್ಲಿ?”

“ಹಾಗಾದರೆ ನಿಮ್ಮ ತಂದೇನ ಕರೆಸ್ತಾರೆ.”

“ಅಬ್ಬನ್ನ ಕರೆಸ್ಬೇಡಿ ಮೇಡಂ.” ಆಗ ಮಾತ್ರ ಅವಳ ದನಿ ಕುಗ್ಗಿತು. “ಅವರು ಬಂದ್ರೆ ಯಾರು ಏನು ಅಂತಾನೂ ಕೇಳಲ್ಲ, ಕೈ ಮುಗ್ದು ಕ್ಷಮೆ ಕೇಳ್ಬಿಡ್ತಾರೆ. ಗಿರಾಕಿಗಳ ಹತ್ರ ಹಂಗೇ ಮಾಡೋದು. ನಾನು ನೋಡಕ್ಕಾಗಲ್ಲ.”

ಪಾಸ್‌ವರ್ಡ್ ಬದಲಾಯಿಸಿದೆಯಾ ಎಂದು ಕೇಳಿದೆ. ಇಲ್ಲವಂತೆ. ಅವರೆಲ್ಲ ಏನಂದುಕೊಂಡಾರು ಎಂದು ಸಂಕೋಚವಾಯಿತಂತೆ. ನನಗೆ ಎಲ್ಲಿಲ್ಲದ ಕೋಪ ಬಂತು. ಆದರೂ ಹಾಳೆಯ ಮೇಲೆ ಕ್ಷಮಾಪಣೆ ಬರೆಸಲು ಮನಸ್ಸು ಬರಲಿಲ್ಲ. ಬುಧವಾರದ ತನಕ ಇದನ್ನು ನನಗೇ ಬಿಡಿ ಎಂದು ಪ್ರಿನ್ಸಿಪಾಲರಿಗೆ ಹೇಳಿ ಬಂದೆ. ಅವರು ಮುಖ ಸಿಂಡರಿಸಿಕೊಂಡರು.

ಇ-ಮೇಲಿನ ಬೆನ್ನ ಹಿಂದೆ, ಸಾಮಾನ್ಯವಾಗಿ ಯಾರೂ ನೋಡದ ಒಂದಷ್ಟು ಸಾಲುಗಳಿರುತ್ತವೆ. ಯಾವ ದಾರಿಯಲ್ಲಿ ಬಂತು, ಯಾವ ಕಂಪ್ಯೂಟರಿನಿಂದ ಹೊರಟಿತು ಎಂಬ ವಿವರ ಅದರಲ್ಲಿ ಇರುತ್ತದೆ. ಪ್ರಿನ್ಸಿಪಾಲರ ಮೇಲ್‌ಬಾಕ್ಸಿಗೆ ಬಂದಿದ್ದ ಪ್ರತಿಯನ್ನು ತೆರೆದು ಆ ಸಾಲುಗಳನ್ನು ಹೊರತೆಗೆದೆ. ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಒಂದು ನಂಬರ್ ಸಿಕ್ಕಿತು. ಅದೇ ಹೊರಟ ಜಾಗದ ಗುರುತು. ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ.

ಸಂಜೆ ಬಟವಾಡಿಗೆ ಹೋದೆ. ಹುಡುಗರು ಹೋಗುತ್ತಿದ್ದ ಸೆಂಟರಿನಲ್ಲಿ ಪ್ಲೈವುಡ್ಡಿನ ಗೂಡುಗಳು, ಒಂದೊಂದಕ್ಕೂ ಪರದೆ. ಸೀರೆಯುಟ್ಟು ಬ್ಯಾಗು ಹಿಡಿದ ಮೇಷ್ಟ್ರಮ್ಮ ಬಂದದ್ದು ನೋಡಿ ಮಾಲೀಕ ಎದ್ದು ನಿಂತ.

“ಮೇಡಂ, ನಮ್ಮಲ್ಲಿ ಅಂಥಾ ಸೈಟೆಲ್ಲ ಯಾರೂ ನೋಡಲ್ಲ” ಎಂದ, ನಾನು ಬಾಯಿ ಬಿಡುವ ಮೊದಲೇ.

“ನಾನು ಒಂದು ಮೇಲ್ ಕಳಿಸಬೇಕಪ್ಪ.”

ಅವನು ನಂಬಲಿಲ್ಲ. ನಾನು ಕೂತ ಗೂಡಿನ ಹಿಂದೆ ಎರಡು ಸಲ ಓಡಾಡಿದ. ನನಗೆ ನಾನೇ ಒಂದು ಮೇಲ್ ಕಳಿಸಿಕೊಂಡು, ಅದರ ಬೆನ್ನ ಸಾಲು ತೆಗೆದು ಚೀಟಿಗೆ ಹೋಲಿಸಿದೆ. ತಾಳೆಯಾಗಲಿಲ್ಲ. ಸಿಟಿಯಲ್ಲಿ ಇನ್ನೆರಡು ಸೆಂಟರಿಗೆ ಹೋದೆ. ಅಲ್ಲೂ ಇಲ್ಲ. ಅವೆಲ್ಲ ಖಾಸಗಿಯವರ ಲೈನು, ನಂಬರಿನ ತಲೆಯೇ ಬೇರೆ. ನನ್ನ ಚೀಟಿಯಲ್ಲಿದ್ದದ್ದು, ನಮ್ಮ ಲ್ಯಾಬಿನದರ ಹಾಗೆ, ಸರ್ಕಾರಿ ಟೆಲಿಫೋನಿನಿಂದ ಸಂಪರ್ಕ ಪಡೆದ ಕಂಪ್ಯೂಟರಿನದು.

ಮಾರನೆಯ ದಿನ ಕಾಲೇಜಿನ ಸಹೋದ್ಯೋಗಿಗೆ ತೋರಿಸಿದರೆ ಅವರು ನಕ್ಕರು. “ಟೆಲಿಫೋನ್ ಲೈನಲ್ಲಿ ಪ್ರತಿ ಸಲ ಕನೆಕ್ಟ್ ಆದಾಗ್ಲೂ ನಂಬರ್ ಬದಲಾಗುತ್ರೀ. ಇದನ್ನ ಹಿಡ್ಕೊಂಡು ಯಾರ ಮನೆ ಬಾಗಿಲು ಬಡೀತೀರ?”

ಮಾತು ಸರಿಯಿತ್ತು. ಆದರೆ ಟೆಲಿಫೋನ್ ಲೈನ್ ಎಂಬುದಷ್ಟಾದರೂ ಗೊತ್ತಾಯಿತಲ್ಲ. ಆ ಲೈನಿನಲ್ಲಿ ಇನ್ನೂ ನಡೆಯುತ್ತಿದ್ದದ್ದು ನಮ್ಮ ಲ್ಯಾಬು, ಮತ್ತೆ ಆಚೆಯ ಊರುಗಳ ಸೆಂಟರುಗಳು. ಲ್ಯಾಬಿಗೆ ಶನಿವಾರ ಮಧ್ಯಾಹ್ನವೇ ನಾನು ಬೀಗ ಹಾಕಿ ಕೀಲಿಯನ್ನು ಮನೆಗೆ ಒಯ್ದಿದ್ದೆ. ಐವರಲ್ಲಿ ಇಬ್ಬರು ಬಟವಾಡಿಯ ರೂಮಿನಲ್ಲಿರುವವರು, ಇನ್ನೊಬ್ಬಳು ತುಮಕೂರಿನವಳೇ. ಹೊರಗಿನವರು ಇಬ್ಬರು. ಗುಬ್ಬಿಯ ಹುಡುಗ, ಮತ್ತು ಕುಣಿಗಲ್ಲಿನ ಅವಳೇ. ಸುತ್ತಿ ಬಳಸಿ ಅನುಮಾನ ಮತ್ತೆ ಹುಡುಗಿಯ ಹೆಗಲೇರಿ ಕೂತಿತು. ನನ್ನ ಮುಂದೆ ಅಷ್ಟು ಗಟ್ಟಿಯಾಗಿ ಇಲ್ಲ ಎಂದವಳು ಸುಳ್ಳು ಹೇಳಿರಬಹುದೇ? ಸುಳ್ಳು ಹೇಳುವವರು ಗಟ್ಟಿಯಾಗಿಯೇ ಹೇಳುತ್ತಾರೆ. ಹತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ನಿಂತು ನಾನು ಕಲಿತದ್ದು ಅದನ್ನೇ.

ಅರ್ಧ ದಿನ ರಜೆ ಹಾಕಿ ಕುಣಿಗಲ್ ಬಸ್ ಹತ್ತಿದೆ. ಊರಿಗೆಲ್ಲ ಇದ್ದದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಒಂದೇ ಸೆಂಟರ್. ಹೊರಗೆ ಝೆರಾಕ್ಸ್ ಮೆಷಿನ್, ಒಳಗೆ ಎರಡು ಕಂಪ್ಯೂಟರ್. ಮೇಲ್ ಕಳಿಸಬೇಕು ಎಂದೆ.

“ಎಲ್ಲಿ ಮೇಡಂ, ಲೈನೇ ಇಲ್ವಲ್ಲ” ಎಂದ ಅಂಗಡಿಯವನು. ರಿಸೀವರ್ ಎತ್ತಿ ನನ್ನ ಕಿವಿಗೇ ಹಿಡಿದ. ಸದ್ದಿರಲಿಲ್ಲ. “ಪೈಪ್ ಹಾಕಕ್ಕೆ ರೋಡ್ ಅಗೆದು ಕೇಬಲ್ ಕಟ್ ಮಾಡವ್ರೆ. ಹೋದ್ ವಾರದಿಂದ ಈ ಬೀದಿಗೇ ಫೋನಿಲ್ಲ. ಬರೀ ಝೆರಾಕ್ಸಲ್ಲಿ ಬದುಕ್ತಿದೀನಿ.”

“ಶನಿವಾರ ಇತ್ತಾ?”

“ಶುಕ್ರವಾರಾನೇ ಹೋಯ್ತು.”

ನಂಬುವುದು ಬೇಡ ಎನಿಸಿ ಪಕ್ಕದ ಎಸ್‌ಟಿಡಿ ಬೂತಿನಲ್ಲೂ ಕೇಳಿದೆ. ಅಲ್ಲಿಯವರೂ ಶುಕ್ರವಾರವೇ ಎಂದರು. ಹುಡುಗಿ ಸುಳ್ಳು ಹೇಳಿರಲಿಲ್ಲ. ನಿಜವಾಗಿ ಸಂತೋಷವಾಯಿತು.

ಅದೇ ಸಂಜೆ ತುಮಕೂರಿಗೆ ಬಂದು ಗುಬ್ಬಿ ಬಸ್ ಹಿಡಿದೆ. ತಾಲ್ಲೂಕು ಕಚೇರಿಯ ಎದುರಿನ ಸೆಂಟರಿನಲ್ಲಿ ಕೂತು ನನಗೆ ನಾನೇ ಮೇಲ್ ಕಳಿಸಿಕೊಂಡೆ. ಕೊನೆಯ ಸಂಖ್ಯೆ ಬೇರೆ, ಮೊದಲಿನ ಮೂರೂ ಚೀಟಿಯಲ್ಲಿದ್ದವೇ. ದುಡ್ಡು ಕೊಡುವಾಗ ಹುಡುಗನ ಚಹರೆ ಹೇಳಿ, ಶನಿವಾರ ಬಂದಿದ್ದನೇ ಎಂದು ಕೇಳಿದೆ.

“ಹೂಂ, ನಮ್ಮ ಅರ್ಜಿ ಬರೆಯೋರ ಮಗ. ಬಂದಿದ್ದ” ಎಂದ ಮಾಲೀಕ ಸಲೀಸಾಗಿ. “ಭಾರಿ ಹೊತ್ತು ಕೂತಿದ್ದ. ಒಂದು ಮೇಲ್‌ಗೆ ಇಷ್ಟೊತ್ತು ಏನ್ಲಾ ಅಂದೆ. ನೋಡಿ, ಅವರಪ್ಪ ಅಲ್ಲೇ ಕೂತವ್ರೆ.”

ಕಚೇರಿಯ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಒಬ್ಬರು ಟೈಪ್‌ರೈಟರ್ ಮುಂದೆ ಕೂತಿದ್ದರು. ಎದುರಿಗೆ ಒಬ್ಬ ಹೆಂಗಸು. ಹತ್ತಿರ ಹೋಗಿ, ನನ್ನ ಸರದಿಗೆ ಕಾಯುವವಳ ಹಾಗೆ ನಿಂತೆ. ಖಾತೆ ಬದಲಾವಣೆ ತಡವಾದದ್ದಕ್ಕೆ ಅರ್ಜಿ. ಬರೆದು ಮುಗಿಸಿ ಅವರು ಕೇಳಿದರು.

“ಕಾಪಿ ಯಾರ್ ಯಾರಿಗೆ ಹಾಕ್ಲವ್ವ?”

“ನಂಗೇನ್ ಗೊತ್ತು ಬುದ್ಧಿ, ನೀವೇ ಹಾಕಿ.”

“ಎಸಿ ಸಾಹೇಬ್ರಿಗೊಂದು, ಡಿಸಿ ಸಾಹೇಬ್ರಿಗೊಂದು ಹಾಕ್ತೀನಿ. ಮೇಲಿನೋರಿಗೊಂದು ಕಾಪಿ ಹೋದ್ರೆ ಕೆಳಗಿನೋನು ತಾನಾಗೇ ಎದ್ದು ಓಡಾಡ್ತಾನೆ ಬುಡು.”

ಮ್ಯಾನೇಜರಿಗೆ ಹೋದ ಆ ಇ-ಮೇಲಿನ ಹುಟ್ಟೂರು ನನಗೆ ಸಿಕ್ಕಿತ್ತು. ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಎರಡನೆಯ ಸ್ಥಾನದಲ್ಲಿ ಕಾಯುತ್ತಿದ್ದವನು ಇದೇ ಹುಡುಗ. ಅವಳ ಹೆಸರಿನಲ್ಲಿ ಹೀಗೊಂದು ಮೇಲ್ ಹೋದರೆ ಅವಳ ಸೀಟು ಹೋಗುತ್ತದೆ, ಇವನಿಗೆ ಬರುತ್ತದೆ. ಅಪ್ಪನ ಪದ್ಧತಿ ಅವನಿಗೆ ಅರಿವಿಲ್ಲದೆಯೇ ಕೈಗೆ ಬಂದದ್ದೋ, ಸೀಟಿಗಾಗಿ ಬೇಕೆಂದೇ ಬಳಸಿಕೊಂಡದ್ದೋ? ವಾಪಸ್ ಬಸ್ಸಿನುದ್ದಕ್ಕೂ ಒಂದು ಸಲ ಹೀಗೆ, ಇನ್ನೊಂದು ಸಲ ಹಾಗೆ ಅನ್ನಿಸುತ್ತಿತ್ತು.

ಬುಧವಾರ ಬೆಳಿಗ್ಗೆ ಅವನನ್ನು ಲ್ಯಾಬಿಗೆ ಕರೆದೆ. ಸುತ್ತು ಬಳಸಲಿಲ್ಲ. ಅವನೂ ಬಳಸಲಿಲ್ಲ.

“ನಾನೇ ಕಳಿಸಿದ್ದು ಮೇಡಂ. ಪಾಪ, ಅವಳಿಗೆ ಲೆಟರ್ ಬಂದಿರ್ಲಿಲ್ಲ. ದಿನಾ ಅದನ್ನೇ ಹೇಳ್ತಿದ್ಲು. ನಮ್ಮಪ್ಪ ಹಂಗೇ ಬರೆಯೋದು. ಕೆಲ್ಸ ಆಗುತ್ತೆ.”

“ಅವಳನ್ನ ಕೇಳಿದ್ಯಾ?”

“ಕೇಳಿದ್ರೆ ಬೇಡ ಅಂತಿದ್ಲು.”

“ಅವಳಿಗೆ ತಪ್ಪಿದರೆ ಸೀಟು ಯಾರಿಗೆ ಹೋಗುತ್ತೆ, ಗೊತ್ತಾ?”

ಅವನು ನನ್ನನ್ನೇ ನೋಡಿದ. ಕಿವಿ ಕೆಂಪಾಯಿತು. “ನೀವು ಹಂಗ್ ಅಂದ್ಕೊಂಡ್ರಾ ಮೇಡಂ?” ಎಂದ. ಇದು ನೊಂದವನ ಮಾತೂ ಆಗಬಹುದು, ಸಿಕ್ಕಿಬಿದ್ದವನ ಮಾತೂ ಆಗಬಹುದು. ನನಗೆ ಗೊತ್ತಾಗಲಿಲ್ಲ.

ಪ್ರಿನ್ಸಿಪಾಲರಿಗೆ ಹೇಳಿದ್ದರೆ ಮಧ್ಯಾಹ್ನದೊಳಗೆ ಅವನನ್ನು ಸಸ್ಪೆಂಡ್ ಮಾಡುತ್ತಿದ್ದರು. ಅದರಿಂದ ಹುಡುಗಿಗೆ ಸೀಟು ಬರುವ ಖಾತ್ರಿ ಇರಲಿಲ್ಲ. ಕಾಲೇಜು ಯಾರನ್ನೋ ಬಲಿ ಕೊಟ್ಟು ಕೈ ತೊಳೆದುಕೊಂಡಿತು ಎಂದು ಮ್ಯಾನೇಜರಿಗೂ ಅನುಮಾನ ಬರುತ್ತಿತ್ತು. ಅವರ ಜಾಗದಲ್ಲಿದ್ದರೆ ನನಗಂತೂ ಬರುತ್ತಿತ್ತು. ನಾನು ಮೆಷಿನ್ ಆನ್ ಮಾಡಿ, ಲೈನ್ ಸಿಗುವ ತನಕ ಕಾದು, ಕುರ್ಚಿಯನ್ನು ಅವನ ಕಡೆ ತಳ್ಳಿದೆ.

“ನಿನ್ನ ಐಡಿಯಿಂದ, ನಿನ್ನ ಹೆಸರಿನಲ್ಲಿ ಮ್ಯಾನೇಜರಿಗೆ ಬರಿ. ಮಾಡಿದ್ದೇನು ಅಂತ ಇದ್ದ ಹಾಗೆ ಬರಿ. ನಾನು ಒಂದು ಪದಾನೂ ಹೇಳಿಕೊಡಲ್ಲ.”

“ಬರೆದ್ರೆ ನನ್ನೂ ಕರೆಯಲ್ಲ ಮೇಡಂ.”

“ಹೌದು. ಕರೆಯಲ್ಲ.”

ಅವನು ಕೂತ. ಎರಡು ಬೆರಳಲ್ಲಿ ಹೊಡೆಯುವವನು. ಹೊಡೆದ, ಅಳಿಸಿದ, ಮತ್ತೆ ಹೊಡೆದ. ನಡುವೆ ಲೈನ್ ಕಟ್ಟಾಗಿ ಬರೆದದ್ದೆಲ್ಲ ಹೋಯಿತು. ಇದೇ ನೆಪ ಸಾಕು, ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಮೊದಲಿನಿಂದ ಶುರು ಮಾಡಿದ. ಕೊನೆಗೆ ಕೇಳಿದ.

“ಕಾಪಿ ಯಾರಿಗಾದ್ರೂ ಹಾಕ್ಬೇಕಾ ಮೇಡಂ?”

“ಯಾರಿಗೂ ಬೇಡ.”

ಮೇಲನ್ನು ಓದಿದೆ. ಕುಣಿಗಲ್ ಹುಡುಗಿಗೆ ಇದು ತಿಳಿದಿರಲಿಲ್ಲ, ಅವಳ ಪಾಸ್‌ವರ್ಡ್ ನನಗೆ ಗೊತ್ತಿತ್ತು, ಸಹಾಯವಾಗಲಿ ಎಂದು ಅವಳ ಹೆಸರಿನಲ್ಲಿ ನಾನೇ ಬರೆದೆ, ತಮ್ಮ ಮನಸ್ಸಿಗೆ ನೋವಾಗಿದ್ದರೆ ತಪ್ಪು ನನ್ನೊಬ್ಬನದು. ಇಷ್ಟೇ. ಕೆಳಗೆ ಹೆಸರು. ಬೋರ್ಡಿನ ಮೇಲೆ ನಾನು ಕಲಿಸಿದ್ದು ಅಲ್ಲಿ ಒಂದೂ ತಪ್ಪಿರಲಿಲ್ಲ. ಅವನು ಹೋದ ಮೇಲೆ, ಮೇಲ್ ನಿಜವಾಗಿ ಹೋಗಿದೆಯೇ ಎಂದು ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದೆ. ಬಂದಿದೆ ಎಂದು ಫೋನ್ ಇಟ್ಟರು.

ಪ್ರಿನ್ಸಿಪಾಲರಿಗೆ ನಡೆದದ್ದನ್ನು ಹೇಳಿ, ಕ್ಷಮಾಪಣೆ ತಪ್ಪು ಮಾಡಿದವನಿಂದಲೇ ಹೋಗಿದೆ ಎಂದೆ. “ಅಂತೂ ನಿಮ್ಮ ಪತ್ತೇದಾರಿ ಮುಗೀತಲ್ಲ” ಎಂದು ಫೈಲ್ ಮುಚ್ಚಿದರು. ಹುಡುಗಿಗೂ ಎಲ್ಲ ಹೇಳಿದೆ. ಅವಳು ಅಳುತ್ತಾಳೆ ಅಥವಾ ಅವನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ನನ್ನ ಕೇಳ್ಬೇಕಿತ್ತು” ಎಂದಷ್ಟೇ ಹೇಳಿದಳು.

ಗುರುವಾರ ಮಧ್ಯಾಹ್ನ ಕಂಪನಿಯಿಂದ ನನಗೆ ಎರಡು ಸಾಲು ಬಂತು. ಪರೀಕ್ಷೆಯಲ್ಲಿ ಮೊದಲು ಬಂದವರು ಬರುವ ಸೋಮವಾರ ಮೂಲ ಅಂಕಪಟ್ಟಿಗಳೊಂದಿಗೆ ಬರಲಿ. ಹುಡುಗನ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಾನು ಓದಿ ಹೇಳಿದಾಗ ಹುಡುಗಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಸೋಮವಾರ ತಂದೆಯ ಜೊತೆ ಹೋಗಿ ಬಂದಳು, ಆಯ್ಕೆಯಾದಳು. ಬಳೆ ಅಂಗಡಿಯ ಆ ತಂದೆ ಕಾಲೇಜಿಗೆ ಬಂದು ಸ್ಟಾಫ್ ರೂಮಿಗೆಲ್ಲ ಸಿಹಿ ಹಂಚಿದರು. ತಲೆ ಎತ್ತಿಯೇ ನಡೆದಾಡಿದರು.

ಆ ಸಿಹಿಯ ಗಲಾಟೆಯಲ್ಲಿ ಗುಬ್ಬಿ ಹುಡುಗ ಕಾಣಲಿಲ್ಲ. ಎರಡು ದಿನ ಬಿಟ್ಟು ಮೆಟ್ಟಿಲ ಹತ್ತಿರ ಸಿಕ್ಕ. ಒಣಗಿ ಹೋಗಿದ್ದ. ಅವನು ನಿಜವನ್ನೇ ಹೇಳಿದ್ದ, ಅದಕ್ಕೆ ಸೀಟು ತೆತ್ತಿದ್ದ, ನಾನೋ ಅವನ ಬಗ್ಗೆ ಕೊನೆಯ ತನಕ ಕೆಟ್ಟದ್ದನ್ನೇ ಯೋಚಿಸಿದ್ದೆ.

“ಬೇಜಾರು ಮಾಡ್ಕೋಬೇಡಪ್ಪ” ಎಂದೆ. “ಇನ್ನೊಂದು ಕಂಪನಿ ಬರುತ್ತೆ.”

“ಸೀಟ್ ಹೋಗಿದ್ದಕ್ಕಲ್ಲ ಮೇಡಂ.” “ಅವಳು ಪಾಸ್‌ವರ್ಡ್ ಬದಲಾಯ್ಸಿದಾಳೆ.”

ಸಮಾಧಾನ ಮಾಡಲು ಬಾಯಿ ತೆರೆದವಳು ನಿಂತೆ.

“ನಿನಗೆ ಹೇಗೆ ಗೊತ್ತಾಯ್ತು?”

ಅವನು ಉತ್ತರ ಕೊಡಲು ಹೋಗಿ, ತಡವರಿಸಿ, ನೆಲ ನೋಡಿದ. “ನಾನು ತಪ್ಪೊಪ್ಕೊಂಡ ಮಾರನೇ ದಿನ, ಅವಳಿಗೆ ಇಂಟರ್‌ವ್ಯೂ ಲೆಟರ್ ಬಂತಾ ನೋಡೋಣ ಅಂತ... ಅವಳನ್ನ ಕೇಳಕ್ಕೆ ಮುಖ ಇರ್ಲಿಲ್ಲ ಮೇಡಂ.”

ನಾನು ಅವನನ್ನು ನಂಬಿದೆ. ನಂಬಿ, ಬೆನ್ನು ತಟ್ಟಿ, ಕ್ಲಾಸಿಗೆ ಕಳಿಸಿ, ಸೀದಾ ಲ್ಯಾಬಿಗೆ ಹೋಗಿ ನನ್ನ ಪಾಸ್‌ವರ್ಡನ್ನೂ ಬದಲಾಯಿಸಿದೆ.